ದಿನಕ್ಕೆ 400 ಯೂರೋ ಕಟ್ಟಿದರೆ ಜೈಲಿಲ್ಲ: ಮೆಸ್ಸಿ, ರೊನಾಲ್ಡೊ ಅಭಿಮಾನಿಗಳಿಗೆ ಒಂದು ಬಹಿರಂಗ ಪತ್ರ

ಲಯೊನೆಲ್ ಮೆಸ್ಸಿ ಮತ್ತು ಕ್ರಿಸ್ಟಿಯಾನೊ ರೊನಾಲ್ಡೊ ಅವರ ಕನ್ನಡದ ಅಭಿಮಾನಿಗಳಿಗೆ,

ನಮಸ್ಕಾರಗಳು.

ಈ ಪತ್ರ ಬರೆಯುತ್ತಿರುವ ನಾವು ಆದಾಯ ತೆರಿಗೆಯ ಲೆಕ್ಕಪತ್ರ ನೋಡುವ ವೃತ್ತಿಯವರು. ನಿಮ್ಮಂತೆಯೇ ರಾತ್ರಿ ಒಂದೂವರೆಗೆ ಎಚ್ಚರವಿದ್ದು ಸ್ಪೇನಿನ ಲೀಗ್ ಪಂದ್ಯ ನೋಡುವವರೂ ಹೌದು. ಹಾಗಾಗಿ ಇದು ಆಟವನ್ನು ದ್ವೇಷಿಸುವವರ ಪತ್ರವಲ್ಲ ಎಂದು ಮೊದಲೇ ಹೇಳಿಬಿಡುತ್ತೇವೆ. ಪೆಲೆಯ ಪ್ರತಿಮೆ ನಿಲ್ಲಿಸಿಕೊಂಡ ಗೌತಮಪುರ ಇರುವ ಊರು ಬೆಂಗಳೂರು. ಇಲ್ಲಿ ಫುಟ್‌ಬಾಲ್ ಆಟಗಾರನನ್ನು ಮನೆಮಗನಂತೆ ಕಾಣುವುದು ಹೊಸದೂ ಅಲ್ಲ, ತಪ್ಪೂ ಅಲ್ಲ. ನಮ್ಮ ದೂರು ಇರುವುದು ಆ ಪ್ರೀತಿಯನ್ನು ಎಲ್ಲಿ ಬಳಸುತ್ತಿದ್ದೇವೆ ಎಂಬುದರ ಬಗ್ಗೆ.

2016ರ ಜುಲೈ 6ರಂದು ಬಾರ್ಸಿಲೋನಾದ ನ್ಯಾಯಾಲಯ ಮೆಸ್ಸಿಗೂ ಅವರ ತಂದೆಗೂ ತಲಾ 21 ತಿಂಗಳ ಜೈಲು ಶಿಕ್ಷೆ ವಿಧಿಸಿತು. 2007, 2008, 2009 ಈ ಮೂರು ವರ್ಷಗಳಲ್ಲಿ ಸುಮಾರು 41 ಲಕ್ಷ ಯೂರೋ ತೆರಿಗೆ ವಂಚಿಸಿದ್ದು ಸಾಬೀತಾಗಿತ್ತು. ತೀರ್ಪು ಬಂದು ಮೂರು ದಿನಕ್ಕೆ ಬಾರ್ಸಿಲೋನಾ ಕ್ಲಬ್ ಒಂದು ಅಭಿಯಾನ ಶುರುಮಾಡಿತು. ‘ನಾವೆಲ್ಲರೂ ಲಿಯೋ ಮೆಸ್ಸಿ’ ಎಂದು ಹೆಸರು. ಎರಡೂ ಅಂಗೈ ಬಿಚ್ಚಿ ಹತ್ತು ಬೆರಳು ತೋರಿಸುವ ಫೋಟೊ ಹಾಕಿ ಎಂದು ಅಭಿಮಾನಿಗಳನ್ನು ಕೇಳಿಕೊಂಡಿತು. ತೆರಿಗೆ ವಂಚನೆಯಲ್ಲಿ ಅಪರಾಧಿ ಎಂದು ತೀರ್ಮಾನವಾದ ಆಟಗಾರನ ಪರವಾಗಿ, ಅದೇ ದೇಶದಲ್ಲಿ ಪ್ರಾಮಾಣಿಕವಾಗಿ ತೆರಿಗೆ ಕಟ್ಟುವವರನ್ನೇ ಕೈ ಎತ್ತಿ ಎಂದು ಕೇಳಿದ ಅಭಿಯಾನವದು. ಆಗ ಹುಟ್ಟಿಕೊಂಡ ವಾದಗಳು ನಮ್ಮ ಅಭಿಮಾನಿ ಬಳಗಗಳಲ್ಲಿ ಇವತ್ತಿಗೂ ಕೇಳಿಬರುತ್ತವೆ. ಅವನಿಗೆ ಪಾಪ ಏನೂ ಗೊತ್ತಿರಲಿಲ್ಲ. ಹಣ ವಾಪಸ್ ಕಟ್ಟಿದನಲ್ಲ, ಇನ್ನೇನು ಬೇಕು. ಕೋಟ್ಯಂತರ ಜನರಿಗೆ ಸಂತೋಷ ಕೊಟ್ಟವನನ್ನು ಕಳ್ಳರ ಜೊತೆ ಕೂರಿಸುತ್ತೀರಾ? ಇವಕ್ಕೆ ಉತ್ತರ ಕೊಡಬೇಕಾದರೆ ಮೊದಲು ವಂಚನೆ ಹೇಗೆ ನಡೆಯಿತು ಎಂದು ಬಿಡಿಸಿ ಹೇಳಬೇಕು.

ದೊಡ್ಡ ಆಟಗಾರನಿಗೆ ಹಣ ಎರಡು ದಾರಿಯಲ್ಲಿ ಬರುತ್ತದೆ. ಒಂದು ಕ್ಲಬ್ ಕೊಡುವ ಸಂಬಳ. ಅದರಲ್ಲಿ ಕೈಚಳಕಕ್ಕೆ ಜಾಗ ಕಡಿಮೆ. ನಮ್ಮಲ್ಲಿ ಟಿಡಿಎಸ್ ಇರುವ ಹಾಗೆ ಅಲ್ಲೂ ತೆರಿಗೆ ಮುರಿದುಕೊಂಡೇ ಸಂಬಳ ಕೈಗೆ ಬರುತ್ತದೆ. ಇನ್ನೊಂದು ಇಮೇಜ್ ರೈಟ್ಸ್, ಅಂದರೆ ಅವನ ಮುಖ, ಹೆಸರು, ಸಹಿ, ಅಂಗಿಯ ಸಂಖ್ಯೆ ಬಳಸಿಕೊಂಡಿದ್ದಕ್ಕೆ ಕಂಪನಿಗಳು ಕೊಡುವ ಹಣ. ನೀವು ಅಂಗಡಿಯಲ್ಲಿ ಕೊಳ್ಳುವ ಹತ್ತನೇ ನಂಬರಿನ ಅಂಗಿಯ ಬೆಲೆಯೊಳಗೂ ಅದರದೊಂದು ಪಾಲು ಸೇರಿರುತ್ತದೆ.

ಇಮೇಜ್ ರೈಟ್ಸ್ ಅನ್ನು ಕಂಪನಿಯೊಂದರ ಮೂಲಕ ನಿರ್ವಹಿಸುವುದು ಸ್ಪೇನಿನಲ್ಲಿ ಅಪರಾಧವಲ್ಲ. ಕ್ಲಬ್ಬಿನಿಂದ ಬರುವ ಒಟ್ಟು ಹಣದಲ್ಲಿ ಕನಿಷ್ಠ ಶೇ 85 ಸಂಬಳವಾಗಿದ್ದರೆ, ಉಳಿದ ಶೇ 15ನ್ನು ಆಟಗಾರನ ಕಂಪನಿಗೆ ಕೊಡಬಹುದು ಎಂದು ಕಾನೂನೇ ಹೇಳುತ್ತದೆ. ಮೆಸ್ಸಿ ಪ್ರಕರಣದಲ್ಲಿ ನಡೆದದ್ದು ಬೇರೆಯೇ. ಹಕ್ಕುಗಳನ್ನು ಬೆಲೀಜ್ ಮತ್ತು ಉರುಗ್ವೆಯ ಕಂಪನಿಗಳ ಹೆಸರಿಗೆ ಬರೆದುಕೊಡಲಾಯಿತು. ಅಲ್ಲಿ ಈ ಆದಾಯಕ್ಕೆ ತೆರಿಗೆ ಇಲ್ಲವೆಂದೇ ಹೇಳಬೇಕು, ಮಾಲೀಕ ಯಾರು ಎಂದು ಹೊರಗಿನವರಿಗೆ ತಿಳಿಯುವುದೂ ಇಲ್ಲ. ಆದರೆ ಅಡಿಡಾಸ್, ಪೆಪ್ಸಿ, ಡಾನೋನ್ ಥರದ ಜಾಹೀರಾತುದಾರರು ನೇರವಾಗಿ ಬೆಲೀಜ್‌ಗೆ ಹಣ ಕಳಿಸಿದರೆ ಎದ್ದು ಕಾಣುತ್ತದೆ. ಅದಕ್ಕಾಗಿ ನಡುವೆ ಬ್ರಿಟನ್ ಮತ್ತು ಸ್ವಿಟ್ಜರ್ಲೆಂಡ್‌ನ ಕಂಪನಿಗಳನ್ನು ಇಡಲಾಯಿತು. ಈ ದೇಶಗಳ ಜೊತೆ ಸ್ಪೇನಿಗೆ ತೆರಿಗೆ ಒಪ್ಪಂದ ಇರುವುದರಿಂದ ಹಣ ಮೂಲದಲ್ಲೇ ತೆರಿಗೆ ಮುರಿಯದೆ ಹೊರಗೆ ಹೋಗುತ್ತದೆ. ನಡುವಿನ ಕಂಪನಿ ತನ್ನದು ಬರೀ ಏಜೆಂಟ್ ಕೆಲಸ ಎಂದು ತೋರಿಸಿ, ಸಣ್ಣ ಕಮಿಷನ್ ಇಟ್ಟುಕೊಂಡು, ಉಳಿದದ್ದನ್ನು ಮುಂದಕ್ಕೆ ದಾಟಿಸುತ್ತದೆ. ಆಟಗಾರನ ರಿಟರ್ನ್‌ನಲ್ಲಿ ಇದರ ಸುಳಿವೇ ಇರುವುದಿಲ್ಲ. ಮೂರು ವರ್ಷಗಳಲ್ಲಿ ಹೀಗೆ ಹೋದದ್ದು ಸುಮಾರು 1.01 ಕೋಟಿ ಯೂರೋ. ಆಗಿನ ಗರಿಷ್ಠ ದರ ಶೇ 43. ನೀವೇ ಗುಣಿಸಿ ನೋಡಿದರೆ ಸುಮಾರು 43 ಲಕ್ಷ ಬರುತ್ತದೆ; ಸಾಬೀತಾದ 41 ಲಕ್ಷ ಅದಕ್ಕೆ ಹತ್ತಿರದ್ದೇ.

ಇಷ್ಟು ಹಂತಗಳಲ್ಲಿ ಒಂದಾದರೂ ಕೈತಪ್ಪಿನಿಂದ ಆಗುವಂಥದ್ದೇ? ರಿಟರ್ನ್ ತುಂಬುವಾಗ ಬ್ಯಾಂಕಿನ ಬಡ್ಡಿ ಸೇರಿಸಲು ಮರೆಯುವುದು ಮರೆವು. ನಾಲ್ಕು ದೇಶಗಳಲ್ಲಿ ಕಂಪನಿ ತೆರೆದು, ಅವುಗಳ ನಡುವೆ ಕರಾರು ಬರೆಸಿ, ಪ್ರತಿಯೊಂದಕ್ಕೂ ಬ್ಯಾಂಕ್ ಖಾತೆ ಮಾಡಿಸಿ, ವರ್ಷ ವರ್ಷ ಶುಲ್ಕ ಕಟ್ಟಿ ಜೀವಂತ ಇಟ್ಟುಕೊಳ್ಳುವುದು ಮರೆವಲ್ಲ.

ನ್ಯಾಯಾಲಯದಲ್ಲಿ ಮೆಸ್ಸಿ, ತಾನು ಆಟ ಆಡಿಕೊಂಡಿದ್ದೆ, ತಂದೆಯನ್ನೂ ವಕೀಲರನ್ನೂ ನಂಬಿ ಸಹಿ ಹಾಕಿದೆ ಎಂದರು. ಈ ಮಾತಿನಲ್ಲಿ ಒಂದಿಷ್ಟು ಸತ್ಯ ಇರಬಹುದೆಂದು ನಾವೂ ಒಪ್ಪುತ್ತೇವೆ. ಸ್ಪೇನಿನ ಸರ್ಕಾರಿ ಅಭಿಯೋಜಕರೇ ಮಗನನ್ನು ಬಿಟ್ಟುಬಿಡಿ, ತಂದೆಯನ್ನು ಶಿಕ್ಷಿಸಿ ಎಂದು ಕೇಳಿದ್ದರು. ಪಟ್ಟು ಹಿಡಿದವರು ತೆರಿಗೆ ಇಲಾಖೆಯ ಪರ ವಾದಿಸಿದ ಸರ್ಕಾರದ ವಕೀಲರು. ನ್ಯಾಯಾಲಯ ಅವರ ಮಾತನ್ನು ಎತ್ತಿಹಿಡಿಯಿತು. ತಿಳಿದುಕೊಳ್ಳುವ ಅವಕಾಶವೂ ಹೊಣೆಯೂ ಇದ್ದು, ಬೇಕೆಂದೇ ತಿಳಿಯದೆ ಉಳಿದವನಿಗೆ ಆ ಅಜ್ಞಾನ ರಕ್ಷಣೆಯಾಗದು ಎಂಬುದು ಅದರ ಆಧಾರ. ನಮ್ಮಲ್ಲೂ ರಿಟರ್ನ್‌ನ ಕೊನೆಗೆ, ಮೇಲಿನದೆಲ್ಲ ನನಗೆ ತಿಳಿದಮಟ್ಟಿಗೆ ಸರಿ ಎಂದು ಘೋಷಿಸಬೇಕಾದವನು ತೆರಿಗೆದಾರನೇ, ಆಡಿಟರ್ ಅಲ್ಲ. ಆಡಿಟರ್ ಹೇಳಿದಲ್ಲಿ ಸಹಿ ಹಾಕಿದೆ ಎಂದು ಒಬ್ಬ ಬಟ್ಟೆ ಅಂಗಡಿಯವನು ಹೇಳಿದರೆ ಯಾವ ತೆರಿಗೆ ಅಧಿಕಾರಿಯೂ ಕೇಳಿಸಿಕೊಳ್ಳುವುದಿಲ್ಲ.

ಈಗ ಶಿಕ್ಷೆಯ ಲೆಕ್ಕಕ್ಕೆ ಬನ್ನಿ. ನಮ್ಮ ನಿಜವಾದ ಸಂಕಟ ಇರುವುದು ಇಲ್ಲೇ.

ಸ್ಪೇನಿನ ದಂಡಸಂಹಿತೆಯ 305ನೇ ವಿಧಿಯ ಪ್ರಕಾರ ಒಂದು ವರ್ಷದಲ್ಲಿ ಒಂದು ತೆರಿಗೆಯಲ್ಲಿ 1.2 ಲಕ್ಷ ಯೂರೋ ಮೀರಿ ವಂಚಿಸಿದರೆ ಅದು ಕ್ರಿಮಿನಲ್ ಅಪರಾಧ. 1ರಿಂದ 5 ವರ್ಷ ಜೈಲು. ಮೆಸ್ಸಿ ಮೇಲೆ ಇಂಥ ಮೂರು ಅಪರಾಧಗಳಿದ್ದವು. 2013ರಲ್ಲಿ ದೂರು ದಾಖಲಾದ ಮೇಲೆ ತಂದೆ-ಮಗ 50 ಲಕ್ಷ ಯೂರೋ ಕಟ್ಟಿದ್ದರು. ಅದನ್ನು ಪರಿಗಣಿಸಿ ಶಿಕ್ಷೆಯನ್ನು ಕನಿಷ್ಠಕ್ಕಿಂತಲೂ ಕೆಳಗಿಳಿಸಿ ಅಪರಾಧಕ್ಕೆ 7 ತಿಂಗಳಿನಂತೆ ಲೆಕ್ಕ ಹಾಕಲಾಯಿತು. ಏಳು ಮೂರಲಿ ಇಪ್ಪತ್ತೊಂದು. ಮೊದಲ ಸಲದ ಅಪರಾಧಿಗೆ ಒಟ್ಟು ಶಿಕ್ಷೆ 2 ವರ್ಷ ಮೀರದಿದ್ದರೆ, ಬಾಕಿ ತೀರಿಸಿದ್ದರೆ, ನ್ಯಾಯಾಧೀಶರು ಜೈಲನ್ನು ಅಮಾನತಿನಲ್ಲಿಡಬಹುದು, ಅಂದರೆ ಅಪರಾಧಿ ಜೈಲಿಗೆ ಹೋಗದೆ ಹೊರಗೇ ಇರಬಹುದು. 2017ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಮಗನ ಶಿಕ್ಷೆಯನ್ನು ಎತ್ತಿಹಿಡಿಯಿತು, ತಂದೆಯದನ್ನು 15 ತಿಂಗಳಿಗೆ ಇಳಿಸಿತು. ಎರಡು ತಿಂಗಳ ನಂತರ ಆ ಅಮಾನತು ಶಿಕ್ಷೆಯೂ ಉಳಿಯಲಿಲ್ಲ, ದಂಡವಾಗಿ ಬದಲಾಯಿತು. ದಿನಕ್ಕೆ 400 ಯೂರೋ, ತಿಂಗಳಿಗೆ 30 ದಿನ, 21 ತಿಂಗಳಿಗೆ 630 ದಿನ, ಒಟ್ಟು 2.52 ಲಕ್ಷ ಯೂರೋ. ತಂದೆಗೆ 450 ದಿನ, 1.8 ಲಕ್ಷ ಯೂರೋ.

400 ಯೂರೋ ಎಂಬ ಸಂಖ್ಯೆ ಎಲ್ಲಿಂದ ಬಂತು? ವ್ಯಕ್ತಿಯೊಬ್ಬನ ಮೇಲೆ ಹಾಕಬಹುದಾದ ದಿನದ ದಂಡ ಕನಿಷ್ಠ 2, ಗರಿಷ್ಠ 400 ಯೂರೋ ಎಂದು ಅಲ್ಲಿಯ ಕಾನೂನು ಕಟ್ಟುಹಾಕಿದೆ. ಅಂದರೆ ನ್ಯಾಯಾಲಯ ಕೊಟ್ಟದ್ದು ಅತಿ ಕಠಿಣ ದರ! ಅದೇ 2017ರ ಕೊನೆಗೆ ಮೆಸ್ಸಿ ಕ್ಲಬ್ ಜೊತೆ ಹೊಸ ಕರಾರು ಮಾಡಿಕೊಂಡರು. 2021ರ ಜನವರಿಯಲ್ಲಿ ‘ಎಲ್ ಮುಂಡೊ’ ಪತ್ರಿಕೆ ಅದನ್ನು ಬಯಲು ಮಾಡಿತು: ನಾಲ್ಕು ವರ್ಷಕ್ಕೆ ಎಲ್ಲ ಬೋನಸ್ ಸೇರಿ, ತೆರಿಗೆಗೆ ಮೊದಲು, ಗರಿಷ್ಠ 55.5 ಕೋಟಿ ಯೂರೋ. ದಿನಕ್ಕೆ ಹಂಚಿದರೆ 3.8 ಲಕ್ಷ. 630 ದಿನದ ಜೈಲಿನ ಬದಲಿಗೆ ಕಟ್ಟಿದ ದಂಡ ಅವರ ಒಂದು ದಿನದ ಕರಾರಿನ ಬೆಲೆಗಿಂತ ಕಡಿಮೆ. ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಬರೆದುಕೊಂಡು ಒಂದು ನಿಮಿಷ ನೋಡಿ ಎಂದು ಬೇಡಿಕೊಳ್ಳುತ್ತೇವೆ.

‘ಹಣ ವಾಪಸ್ ಕಟ್ಟಿದನಲ್ಲ’ ಎಂಬ ಮಾತಿಗೆ ನಮ್ಮ ಉತ್ತರವೂ ಇದರಲ್ಲೇ ಇದೆ. ಜೈಲಿಗೆ ಬದಲಾಗಿ ಬಂದ ದಂಡವಲ್ಲದೆ, ವಂಚನೆಯ ವಿಚಾರಣೆಯಲ್ಲಿ ಬಿದ್ದ ಮುಖ್ಯ ದಂಡ ಸುಮಾರು 20 ಲಕ್ಷ ಯೂರೋ, ಅಂದರೆ ವಂಚಿಸಿದ್ದರ ಅರ್ಧ. ಬಡ್ಡಿ ಬಿಟ್ಟು ನೋಡಿದರೆ ಸಿಕ್ಕಿಬಿದ್ದವನು ಕಟ್ಟುವುದು ಒಂದೂವರೆ ಪಟ್ಟು. ಸಿಕ್ಕದವನು ಉಳಿಸಿಕೊಳ್ಳುವುದು ಪೂರ್ತಿ. ಮೂರು ಸಲ ವಂಚಿಸಿ ಎರಡು ಸಲ ಸಿಕ್ಕಿಬಿದ್ದರೂ ಲೆಕ್ಕ ಸರಿಸಮ. ಅದಕ್ಕಿಂತ ಕಡಿಮೆ ಸಿಕ್ಕಿಬಿದ್ದರೆ ಲಾಭ. ಬೆಲೀಜ್‌ನ ಕಾಗದದ ಕಂಪನಿಯನ್ನು ತೆರಿಗೆ ಅಧಿಕಾರಿ ಮೂರರಲ್ಲಿ ಎರಡು ಸಲ ಹಿಡಿಯುತ್ತಾನೆ ಎಂದು ಈ ವೃತ್ತಿಯಲ್ಲಿರುವ ಯಾರೂ ನಂಬುವುದಿಲ್ಲ. ಅಂಥವನಿಗೆ ದಂಡ ಎಂಬುದು ಶಿಕ್ಷೆಯಲ್ಲ, ವ್ಯಾಪಾರದ ಒಂದು ಖರ್ಚು. ಎಷ್ಟೇ ಹಣ ಇದ್ದರೂ ಕೊಂಡುಕೊಳ್ಳಲಾಗದ ಒಂದೇ ಒಂದು ದಂಡ ಅವನ ಸಮಯ. ಅದನ್ನೂ ದಿನಕ್ಕೆ 400 ಯೂರೋದಂತೆ ಮಾರಿದರೆ ಮತ್ತೇನು ಉಳಿಯಿತು?

ರೊನಾಲ್ಡೊ ಅಭಿಮಾನಿಗಳು ಇದನ್ನು ಮೆಸ್ಸಿಯ ಮೇಲಿನ ದೂರು ಎಂದು ಓದಿ ಖುಷಿಪಡಬೇಕಾಗಿಲ್ಲ. 2011ರಿಂದ 2014ರ ನಾಲ್ಕು ವರ್ಷಗಳಲ್ಲಿ ಸ್ಪೇನಿನ ಮೂಲದ ಸುಮಾರು 4.3 ಕೋಟಿ ಯೂರೋ ಆದಾಯದ ಜಾಗದಲ್ಲಿ 1.15 ಕೋಟಿ ಮಾತ್ರ ತೋರಿಸಿದ್ದಾರೆ ಎಂಬುದು ಅಭಿಯೋಜಕರ ದೂರು. ಅಲ್ಲಿದ್ದದ್ದು ಬ್ರಿಟಿಷ್ ವರ್ಜಿನ್ ದ್ವೀಪಗಳ ಕಂಪನಿ, ನಡುವೆ ಐರ್ಲೆಂಡಿನದೊಂದು. ಊರು ಬೇರೆ, ದಾರಿ ಅದೇ. ಮೊದಲು ಆರೋಪಿಸಿದ ವಂಚನೆ 1.47 ಕೋಟಿ ಯೂರೋ. ರಾಜಿಯಾದಾಗ ಅದು 57 ಲಕ್ಷಕ್ಕೆ ಇಳಿಯಿತು. 2019ರ ಜನವರಿ 22ರಂದು ತಪ್ಪೊಪ್ಪಿಕೊಂಡ ಅವರಿಗೆ 23 ತಿಂಗಳ ಶಿಕ್ಷೆ, ಎಲ್ಲ ಸೇರಿ 1.88 ಕೋಟಿ ಯೂರೋ ಪಾವತಿ. ಜೈಲು ಇಲ್ಲ. 2022ರಲ್ಲಿ ಬಾರ್ಸಿಲೋನಾದ ಮಾಜಿ ಆಟಗಾರ ಸ್ಯಾಮುಯೆಲ್ ಎಟೋಗೆ 22 ತಿಂಗಳು, ಜೈಲು ಇಲ್ಲ. 21, 22, 23: ಎಲ್ಲವೂ 24 ತಿಂಗಳ, ಅಂದರೆ 2 ವರ್ಷದ ಗೆರೆಯ ಕೆಳಗೇ ಬಂದು ನಿಂತಿವೆ. ಮೆಸ್ಸಿಯದು ವಿಚಾರಣೆಯ ತೀರ್ಪು; ಉಳಿದೆರಡರಲ್ಲಿ ಆದಂತೆ ಎರಡು ಕಡೆಯ ವಕೀಲರು ಕೂತು ಗೆರೆ ನೋಡಿಕೊಂಡೇ ಚೌಕಾಸಿ ಮಾಡಿದರೆ ಹೀಗಾಗುತ್ತದೆ.

2013ರಿಂದ ಕಾನೂನು ಬಿಗಿಯಾಗಿದೆ ಎಂದು ಕೆಲವರು ಹೇಳುವುದುಂಟು. ನಿಜ, 6 ಲಕ್ಷ ಯೂರೋ ಮೀರಿದರೆ ಅಥವಾ ತೆರಿಗೆ ಇಲ್ಲದ ದೇಶಗಳ ಕಂಪನಿ ಬಳಸಿದರೆ 2ರಿಂದ 6 ವರ್ಷ ಎಂಬ ಹೊಸ ವಿಧಿ ಬಂತು. ಆದರೆ ಅದರ ಪಕ್ಕದಲ್ಲೇ, ನ್ಯಾಯಾಲಯದ ಕರೆ ಬಂದು ಎರಡು ತಿಂಗಳೊಳಗೆ ತಪ್ಪೊಪ್ಪಿ ಹಣ ಕಟ್ಟಿದರೆ ಶಿಕ್ಷೆಯನ್ನು ಒಂದು ಅಥವಾ ಎರಡು ಮೆಟ್ಟಿಲು ಇಳಿಸಬಹುದು ಎಂದೂ ಬರೆಯಲಾಗಿದೆ. ಒಂದು ಮೆಟ್ಟಿಲು ಇಳಿದರೆ 1ರಿಂದ 2 ವರ್ಷ, ಎರಡು ಇಳಿದರೆ 6 ತಿಂಗಳಿಂದ 1 ವರ್ಷ. ಮತ್ತೆ ಅದೇ ಗೆರೆಯ ಕೆಳಗೆ. ಎರಡು ತಿಂಗಳಲ್ಲಿ ಅಷ್ಟು ನಗದು ಹೊಂದಿಸಬಲ್ಲವನು ಯಾರು? ಸಾಲ ಮಾಡಿ ಕಾರ್ಖಾನೆ ನಡೆಸುವ ಸಣ್ಣ ಉದ್ಯಮಿಯಲ್ಲ.

ಗೆರೆಯ ಕೆಳಗಿದ್ದವರೆಲ್ಲ ಹೊರಗೇ ಇರಬೇಕೆಂದು ಕಾನೂನು ಹೇಳಿಲ್ಲ ಎಂಬುದನ್ನೂ ಗಮನಿಸಿ. ಸ್ಪೇನಿನ ಜನಪ್ರಿಯ ಗಾಯಕಿ ಇಸಾಬೆಲ್ ಪಾಂತೋಹಾಗೆ ಕಪ್ಪುಹಣ ಬಿಳಿ ಮಾಡಿದ ಪ್ರಕರಣದಲ್ಲಿ ಆದದ್ದು ಸರಿಯಾಗಿ 2 ವರ್ಷ. ನ್ಯಾಯಾಲಯ ಅಮಾನತು ನಿರಾಕರಿಸಿತು. 2014ರ ನವೆಂಬರಿನಲ್ಲಿ ಆಕೆ ಜೈಲಿಗೆ ಹೋದರು. ಹಾಡುಗಾರ್ತಿಗೆ ಸಾಧ್ಯವಾದದ್ದು ಆಟಗಾರನಿಗೆ ಯಾಕೆ ಆಗಲಿಲ್ಲ? ಇದಕ್ಕೆ ಸಮಾಧಾನ ಕೊಡುವ ಉತ್ತರ ನಮಗೆ ಸಿಕ್ಕಿಲ್ಲ.

ಜರ್ಮನಿ ಇದನ್ನು ಬೇರೆ ಥರ ನೋಡಿತು. ಅಲ್ಲಿಯ ಫೆಡರಲ್ ನ್ಯಾಯಾಲಯ 2008ರ ಡಿಸೆಂಬರಿನಲ್ಲಿ ಒಂದು ಗೆರೆ ಎಳೆಯಿತು: ವಂಚನೆ 10 ಲಕ್ಷ ಯೂರೋ ಮೀರಿದರೆ, ಬಹಳ ಬಲವಾದ ಕಾರಣ ಇದ್ದ ಹೊರತು ಶಿಕ್ಷೆ ಅಮಾನತಿಲ್ಲ. ಆ ಗೆರೆಗೆ ಸಿಕ್ಕವರು ಊಲಿ ಹೋನೆಸ್. 1974ರ ವಿಶ್ವಕಪ್ ಗೆದ್ದ ತಂಡದ ಆಟಗಾರ, ಬಯರ್ನ್ ಮ್ಯೂನಿಕ್ ಕ್ಲಬ್ಬಿನ ಆಗಿನ ಅಧ್ಯಕ್ಷ. ಸ್ವಿಸ್ ಬ್ಯಾಂಕಿನ ಗುಪ್ತ ಖಾತೆಯಲ್ಲಿ ಕರೆನ್ಸಿ ಸಟ್ಟಾ ಆಡಿ ಬಂದ ಲಾಭ ಮುಚ್ಚಿಟ್ಟಿದ್ದರು. ಪತ್ರಕರ್ತರು ವಾಸನೆ ಹಿಡಿದಿದ್ದಾರೆಂದು ತಿಳಿದಾಗ 2013ರ ಜನವರಿಯಲ್ಲಿ ಅವಸರದಲ್ಲಿ ಸ್ವಯಂಘೋಷಣೆ ಸಲ್ಲಿಸಿದರು. ಸಿಕ್ಕಿಬೀಳುವ ಮೊದಲೇ ಪೂರ್ತಿ ಲೆಕ್ಕ ಕೊಟ್ಟರೆ ಜರ್ಮನಿಯಲ್ಲಿ ಕ್ರಿಮಿನಲ್ ಮೊಕದ್ದಮೆ ಇಲ್ಲ. ಅವರ ಘೋಷಣೆಯಲ್ಲಿ ವರ್ಷವಾರು ಪೂರ್ತಿ ಅಂಕಿಗಳಿರಲಿಲ್ಲ, ಹಾಗಾಗಿ ಅದು ಊರ್ಜಿತವಾಗಲಿಲ್ಲ. ಆರೋಪಪಟ್ಟಿಯಲ್ಲಿ 35 ಲಕ್ಷ ಯೂರೋ ಎಂದಿದ್ದ ವಂಚನೆ ವಿಚಾರಣೆಯ ಮೊದಲ ದಿನ 1.85 ಕೋಟಿಯಾಯಿತು, ಕೊನೆಗೆ 2.85 ಕೋಟಿಗೆ ನಿಂತಿತು. 2014ರ ಮಾರ್ಚ್ 13ರಂದು ಮೂರೂವರೆ ವರ್ಷ ಶಿಕ್ಷೆ. ಅವರು ಮೇಲ್ಮನವಿ ಸಲ್ಲಿಸಲಿಲ್ಲ. ಜೂನ್‌ನಲ್ಲಿ ಲಾಂಡ್ಸ್‌ಬರ್ಗ್ ಜೈಲಿಗೆ ಹೋದರು, ಅರ್ಧ ಅವಧಿ ಮುಗಿಸಿ 2016ರ ಫೆಬ್ರವರಿ 29ರಂದು ಹೊರಬಂದರು, ಅದೇ ವರ್ಷ ಕ್ಲಬ್ ಸದಸ್ಯರು ಅವರನ್ನು ಮತ್ತೆ ಅಧ್ಯಕ್ಷರಾಗಿ ಆರಿಸಿದರು. ಜೈಲಿಗೆ ಕಳಿಸಿದರೆ ಒಬ್ಬನ ಬದುಕೇ ಮುಗಿದುಹೋಗುತ್ತದೆ ಎನ್ನುವವರು ಈ ಕೊನೆಯ ಭಾಗವನ್ನು ಓದಬೇಕು. ಶಿಕ್ಷೆ ಅನುಭವಿಸಿ ಬಂದವನನ್ನು ಅಭಿಮಾನಿಗಳು ಒಪ್ಪಿಕೊಂಡದ್ದರಲ್ಲಿ ನಮಗೆ ತಪ್ಪೇನೂ ಕಾಣುವುದಿಲ್ಲ; ಅದಕ್ಕೊಂದು ಮರ್ಯಾದೆ ಇದೆ.

ಅಮೆರಿಕದಲ್ಲಿ ಬೇಸ್‌ಬಾಲ್ ದಂತಕಥೆ ಪೀಟ್ ರೋಸ್ 1990ರಲ್ಲಿ 5 ತಿಂಗಳು ಜೈಲಿನಲ್ಲಿದ್ದರು. ಸಹಿ ಹಾಕಿಕೊಟ್ಟು, ಸ್ಮರಣಿಕೆ ಮಾರಿ ಗಳಿಸಿದ ಸುಮಾರು 3.5 ಲಕ್ಷ ಡಾಲರ್ ಆದಾಯವನ್ನು ತೋರಿಸಿರಲಿಲ್ಲ. ಬ್ರಿಟನ್ನಿನ ಕುದುರೆ ಸವಾರ ಲೆಸ್ಟರ್ ಪಿಗಟ್ 1987ರಲ್ಲಿ 3 ವರ್ಷದ ಶಿಕ್ಷೆ ಪಡೆದು ಒಂದು ವರ್ಷ ಒಳಗಿದ್ದರು. ಇಬ್ಬರೂ ತಮ್ಮ ಆಟದಲ್ಲಿ ಯಾರಿಗೂ ಕಡಿಮೆಯವರಲ್ಲ.

ತೆರಿಗೆ ವಿವಾದದಲ್ಲಿ ಸಿಕ್ಕ ಪ್ರತಿಯೊಬ್ಬ ಆಟಗಾರನೂ ಕಳ್ಳ ಎಂದು ನಾವು ಹೇಳುತ್ತಿಲ್ಲ; ಈ ವ್ಯತ್ಯಾಸ ನಮಗೆ ಬಹಳ ಮುಖ್ಯ. ಸ್ಪೇನಿನ ಆಟಗಾರ ಶಾಬಿ ಅಲೊನ್ಸೊ ಕೂಡ ತಮ್ಮ ಇಮೇಜ್ ರೈಟ್ಸ್ ಅನ್ನು ಪೋರ್ಚುಗಲ್ಲಿನ ಮದೀರಾ ದ್ವೀಪದ ಕಂಪನಿಗೆ ಕೊಟ್ಟಿದ್ದರು. ಅಭಿಯೋಜಕರು ಜೈಲು ಕೇಳಿದರು. ಉಳಿದವರಂತೆ ರಾಜಿ ಮಾಡಿಕೊಂಡು ಪಾರಾಗಬಹುದಿತ್ತು. ಅವರು ಮಾಡಿಕೊಳ್ಳಲಿಲ್ಲ, ವಿಚಾರಣೆ ಎದುರಿಸಿದರು. 2019ರಲ್ಲಿ ಖುಲಾಸೆಯಾದರು, ಮುಂದಿನ ಮೇಲ್ಮನವಿಗಳನ್ನು ದಾಟಿ ಆ ಖುಲಾಸೆಯೇ ನಿಂತಿತು. ನಮ್ಮ ಸಚಿನ್ ತೆಂಡೂಲ್ಕರ್ ಅವರ ಪ್ರಕರಣ ನೆನಪಿಸಿಕೊಳ್ಳಿ. ಜಾಹೀರಾತಿನಿಂದ ವಿದೇಶಿ ಹಣದಲ್ಲಿ ಬಂದ ಆದಾಯಕ್ಕೆ, ನಟನಾಗಿ ಗಳಿಸಿದ್ದು ಎಂದು ಆದಾಯ ತೆರಿಗೆ ಕಾಯ್ದೆಯ 80ಆರ್‌ಆರ್ ವಿಧಿಯ ರಿಯಾಯಿತಿ ಕೇಳಿದ್ದರು. ಅಧಿಕಾರಿ ಒಪ್ಪಲಿಲ್ಲ, 2011ರಲ್ಲಿ ಮುಂಬೈನ ಆದಾಯ ತೆರಿಗೆ ನ್ಯಾಯಮಂಡಳಿ ಒಪ್ಪಿತು. ಆದಾಯವನ್ನು ರಿಟರ್ನ್‌ನಲ್ಲಿ ತೋರಿಸಿ, ಇದಕ್ಕೆ ತೆರಿಗೆ ಕಡಿಮೆ ಎಂದು ವಾದಿಸುವುದು ತೆರಿಗೆದಾರನ ಹಕ್ಕು. ತೋರಿಸದೇ ಬಚ್ಚಿಡುವುದು ವಂಚನೆ. ಮೊದಲನೆಯದಕ್ಕೆ ಸೋತರೂ ಜೈಲು ಇರಕೂಡದು.

ಆಟಗಾರನ ದುಡಿಮೆ ಹತ್ತು-ಹದಿನೈದು ವರ್ಷಕ್ಕೆ ಮುಗಿಯುತ್ತದೆ, ಅಷ್ಟರಲ್ಲೇ ಜೀವಮಾನದ ತೆರಿಗೆ ಕಟ್ಟಬೇಕು ಎಂಬ ಅಳಲಿನಲ್ಲೂ ನ್ಯಾಯವಿದೆ. ಆ ಆದಾಯವನ್ನು ಹಲವು ವರ್ಷಗಳಿಗೆ ಹಂಚಿ ತೆರಿಗೆ ಹಾಕುವ ವ್ಯವಸ್ಥೆ ಬೇಕೆಂದು ಆಟಗಾರರ ಸಂಘಗಳು ಕೇಳಿದರೆ ನಾವೂ ದನಿಗೂಡಿಸುತ್ತೇವೆ.

ಹಾಗಾಗಿ ನಮ್ಮ ನಿಲುವು ಇಷ್ಟು. ಮೊತ್ತ ದೊಡ್ಡದಿದ್ದು, ಕಾಗದದ ಕಂಪನಿಗಳ ಸರಪಳಿ ಕಟ್ಟಿದ್ದು ಸಾಬೀತಾದರೆ, ಆಟಗಾರ ಜೈಲಿಗೆ ಹೋಗಬೇಕು. ವರ್ಷಗಟ್ಟಲೆ ಬೇಡ. ಐದಾರು ತಿಂಗಳು ಸಾಕು, ಆದರೆ ಅದು ನಿಜವಾದ ಐದಾರು ತಿಂಗಳಾಗಿರಬೇಕು, ಹಣಕ್ಕೆ ಬದಲಾಗಬಾರದು. ಆ ಸರಪಳಿಯನ್ನು ಹೆಣೆದುಕೊಟ್ಟ ಸಲಹೆಗಾರರೂ ಪಕ್ಕದ ಕಟಕಟೆಯಲ್ಲಿರಬೇಕು; ಇದು ನಮ್ಮ ವೃತ್ತಿಯವರ ಬಗ್ಗೆಯೇ ನಾವು ಹೇಳುತ್ತಿರುವ ಮಾತು. ಮೆಸ್ಸಿ ಪ್ರಕರಣದಲ್ಲಿ ಶಿಕ್ಷೆಯಾದದ್ದು ತಂದೆ-ಮಗನಿಗೆ ಮಾತ್ರ. ಸಿಕ್ಕಿಬೀಳುವ ಮೊದಲೇ ತಾವಾಗಿ ಬಂದು ಪೂರ್ತಿ ಲೆಕ್ಕ ಒಪ್ಪಿಸುವವರಿಗೆ ಬಾಗಿಲು ತೆರೆದೇ ಇರಲಿ. ಸಿಕ್ಕಿಬಿದ್ದ ಮೇಲೆ ಕಟ್ಟಿದ ಹಣಕ್ಕೆ ಮಾತ್ರ ಅದೇ ಬೆಲೆ ಸಿಗಬಾರದು.

ಸ್ಪೇನಿನ ಕಾನೂನನ್ನು ನೀವೋ ನಾವೋ ಬದಲಿಸಲಾಗುವುದಿಲ್ಲ. ಆದರೆ ಅಲ್ಲಿಯ ಕ್ಲಬ್‌ಗಳ ಹಣ ಬರುವುದು ನಿಮ್ಮಂಥ ಅಭಿಮಾನಿಗಳ ಕಣ್ಣು ಮತ್ತು ಜೇಬಿನಿಂದ, ಅವರು ನಿಮ್ಮ ಮಾತಿಗೆ ಕಿವಿಗೊಡುತ್ತಾರೆ. 2025ರ ಜುಲೈನಲ್ಲಿ ರಿಯಲ್ ಮ್ಯಾಡ್ರಿಡ್ ಕ್ಲಬ್ಬಿನ ಮಾಜಿ ತರಬೇತುದಾರ ಕಾರ್ಲೊ ಅಂಚೆಲೊಟ್ಟಿಗೆ 2014ರ ಇಮೇಜ್ ರೈಟ್ಸ್ ಆದಾಯ ಮುಚ್ಚಿಟ್ಟದ್ದಕ್ಕೆ 1 ವರ್ಷದ ಶಿಕ್ಷೆಯೂ 3.86 ಲಕ್ಷ ಯೂರೋ ದಂಡವೂ ಆಯಿತು, ಜೈಲು ಮತ್ತೆ ಇಲ್ಲ. ಸಲಹೆಗಾರರನ್ನು ನಂಬಿದ್ದೆ ಎಂಬುದೇ ಅವರ ಸಮರ್ಥನೆಯೂ ಆಗಿತ್ತು. ಮೆಸ್ಸಿ ತೀರ್ಪಾಗಿ ಒಂಬತ್ತು ವರ್ಷದ ಮೇಲೂ ಅದೇ ವಾದ, ಅದೇ ಫಲ. ಇಂಥದ್ದು ಇನ್ನೂ ಬರಲಿವೆ.

ಮುಂದಿನ ಸಲ ಬಂದಾಗ ನಿಮ್ಮಲ್ಲಿ ನಮ್ಮ ಕೋರಿಕೆಗಳಿವು. ತೀರ್ಪು ಬಂದ ದಿನ ‘ನಾವೆಲ್ಲರೂ ಅವನೇ’ ಎಂದು ಕ್ಲಬ್ ಕೇಳಿದರೆ ಅಂಗೈ ಎತ್ತಬೇಡಿ. ನಿಮ್ಮ ಬಳಗದಲ್ಲಿ ಯಾರಾದರೂ ‘ಗೊತ್ತಿರಲಿಲ್ಲ’ ಎಂದರೆ, ಎಷ್ಟು ಕಂಪನಿ, ಯಾವ ದೇಶ, ಎಷ್ಟು ವರ್ಷ ಎಂದು ಕೇಳಿ. ಪತ್ರಿಕೆಯಲ್ಲಿ ‘ತಾರೆಗೆ ಜೈಲು’ ಎಂಬ ತಲೆಬರಹ ಕಂಡರೆ, ಶಿಕ್ಷೆ ಅಮಾನತಾಗಿದೆಯೇ, ದಿನಕ್ಕೆ ಎಷ್ಟರಂತೆ ದಂಡವಾಗಿದೆ ಎಂದು ಸಂಪಾದಕರಿಗೆ ಬರೆದು ಕೇಳಿ. ನಾಳೆ ನಮ್ಮ ನೆಚ್ಚಿನ ಕ್ರಿಕೆಟಿಗನ ಹೆಸರು ಬಂದರೂ ಇದೇ ಪ್ರಶ್ನೆಗಳನ್ನು ಇದೇ ದನಿಯಲ್ಲಿ ಕೇಳಿ. ಆಟ ನೋಡುವುದನ್ನು ಬಿಡಿ ಎಂದು ನಾವು ಯಾರಿಗೂ ಹೇಳುವುದಿಲ್ಲ, ನಾವೂ ಬಿಡುವುದಿಲ್ಲ.

ಗೌರವಗಳೊಂದಿಗೆ,

ಇಂತಿ,
ತೆರಿಗೆ ಸಲಹೆಯ ವೃತ್ತಿಯಲ್ಲಿರುವ ಕೆಲವು ಫುಟ್‌ಬಾಲ್ ಅಭಿಮಾನಿಗಳು
ಬೆಂಗಳೂರು